ಎದೆಹಾಲು ಯಾರ ಹೊಣೆ?

ಎದೆಹಾಲಿಗೆ ಸಮನಾದದ್ದು ಇಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು, ನೀರೂ ಬೇಡ. ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕುಡಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲು ರೋಗನಿರೋಧಕ ಅಂಶಗಳಿಂದ ತುಂಬಿರುತ್ತದೆ. ಹಸುವಿನ ಗಿಣ್ಣನ್ನು ಬೆಲ್ಲ, ಏಲಕ್ಕಿ ಹಾಕಿ ಚಪ್ಪರಿಸುವ ನಾವೇ, ಬಾಣಂತಿಯ ಈ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುತ್ತಿದ್ದದ್ದೂ ಉಂಟು.

ಹಸುವಿನ ಹಾಲು ಇರುವುದು ಕರುವಿನ ಲೆಕ್ಕಕ್ಕೆ. ಕರು ಬೇಗ ಬೆಳೆಯಬೇಕು. ಹಾಗಾಗಿ ಅದರ ಹಾಲಿನಲ್ಲಿ ಪ್ರೋಟೀನ್ ನಮ್ಮದರ ಸುಮಾರು ಮೂರು ಪಟ್ಟು. ಕೂಸಿನ ಎಳೆಯ ಮೂತ್ರಪಿಂಡಕ್ಕೆ ಅದು ಹೊರೆ. ಕಬ್ಬಿಣದ ಅಂಶವೂ ಸಾಲದು. ವರ್ಷ ತುಂಬುವವರೆಗೆ ಎದೆಹಾಲಿನ ಬದಲು ಅದನ್ನು ಕೊಡಬೇಡಿ ಎಂದು ಮಕ್ಕಳ ವೈದ್ಯರು ಹೇಳುವುದು ಇದಕ್ಕೇ.

ಇಷ್ಟು ವಿಜ್ಞಾನ. ಇಲ್ಲಿಂದ ನಾವು 'ಆದ್ದರಿಂದ ಪ್ರತಿ ತಾಯಿಯೂ ಕುಡಿಸಲೇಬೇಕು' ಎಂಬಲ್ಲಿಗೆ ಜಿಗಿಯುತ್ತೇವೆ. ನನ್ನ ತಕರಾರು ಈ ಜಿಗಿತದ ಬಗ್ಗೆ. ಒಂದು ಸಂಗತಿ ಒಳ್ಳೆಯದು ಎನ್ನುವುದು ಬೇರೆ, ಅದು ಒಬ್ಬಳದೇ ಕರ್ತವ್ಯ ಎನ್ನುವುದು ಬೇರೆ. ಮಾಡಲು ಸಾಧ್ಯವಿದ್ದರೆ ತಾನೇ ಕರ್ತವ್ಯ?

ಪ್ರಾಜೆಕ್ಟ್ ಮ್ಯಾನೇಜರ್ ಆದ ನನಗೆ ರಜೆಯ ಲೆಕ್ಕ ದಿನನಿತ್ಯದ್ದು. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರಗಳ ಸಂಬಳಸಹಿತ ರಜೆ ಇದೆ. ಹೆರಿಗೆಗೆ ಮುಂಚೆಯೇ 8 ವಾರ ತೆಗೆದುಕೊಂಡರೆ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳ ಮೇಲೆ ಸ್ವಲ್ಪ. ಆರು ತಿಂಗಳ ಉಪದೇಶಕ್ಕೆ ಇಲ್ಲೇ ಕೊರತೆ ಬಿತ್ತು. ಊರಿನಿಂದ ಬಂದ ಅಮ್ಮನೋ ಅತ್ತೆಯೋ ಅಷ್ಟರಲ್ಲಿ ವಾಪಸ್ಸು ಹೋಗಿರುತ್ತಾರೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವು, 50 ಜನರಿರುವ ಕಚೇರಿಗೆ ಶಿಶುಪಾಲನಾ ಕೇಂದ್ರ, ಎಲ್ಲವೂ ಕಾನೂನಿನಲ್ಲಿವೆ. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಹಾಲು ಹಿಂಡಿಕೊಳ್ಳಲು ಚಿಲಕವಿರುವ ಜಾಗವೆಂದರೆ ಶೌಚಾಲಯ ಮಾತ್ರ.

'ಹಾಗಾದರೆ ಮಗುವಿನ ಹಕ್ಕು ಏನಾಯಿತು?' ಎಂದು ನೀವು ಕೇಳಬಹುದು. ಆ ಹಕ್ಕು ದೊಡ್ಡದು. ದೊಡ್ಡದಾದ್ದರಿಂದಲೇ ಅದನ್ನು ಒಂದು ಮೈಯ ಮೇಲೆ ಹೇರಿ ಉಳಿದವರು ಕೈ ತೊಳೆದುಕೊಳ್ಳುವಂತಿಲ್ಲ. ಹಂಚಿಕೊಳ್ಳುವ ದಾರಿಗಳಿವೆ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಎದೆಹಾಲಿನ ಬ್ಯಾಂಕ್ ಶುರುವಾಯಿತು. ಒಬ್ಬಳ ಹಾಲು ಇನ್ನೊಬ್ಬಳ ಕೂಸಿಗೆ ಸಿಗುತ್ತದೆ. ಹಾಲು ಬಾರದ, ಕುಡಿಸಲಾಗದ ತಾಯಿ ವೈದ್ಯರನ್ನು ಕೇಳಿ ಪುಡಿಹಾಲು ಕೊಟ್ಟರೆ ಅದು ಪಾಪವಲ್ಲ.

ಗೋವಿನ ಹಾಡಿನಲ್ಲಿ ನಾವು ಪುಣ್ಯಕೋಟಿಯ ಸತ್ಯವನ್ನು ಹೊಗಳುತ್ತೇವೆ. ಆದರೆ ಅವಳು ಹುಲಿಯನ್ನು ಕೇಳಿದ್ದು ಕರುವಿಗೆ ಹಾಲೂಡಿಸಿ ಬರುವಷ್ಟು ಸಮಯ. ಹಸಿದ ಹುಲಿಯೂ ಅದನ್ನು ಕೊಟ್ಟಿತು. ತಂಡ ನಡೆಸುವ ನಮ್ಮಂಥವರು ಮಧ್ಯಾಹ್ನ ಅರ್ಧ ಗಂಟೆ ಮೀಟಿಂಗ್ ಇಡದಿರುವುದು, ಚಿಲಕವಿರುವ ಒಂದು ಕೋಣೆ ಕೊಡಿಸುವುದು, ಮನೆಯಲ್ಲಿ ಗಂಡಂದಿರು ರಾತ್ರಿ ಎದ್ದು ಕೂಸನ್ನು ತೇಗಿಸಿ ಮಲಗಿಸುವುದು, ಇಷ್ಟನ್ನಾದರೂ ಮಾಡೋಣ. ತಾಯಿಗೆ ಉಪದೇಶ ಆಮೇಲೆ.