ಮೊದಲು ಯಾವ ಮೋಟರು?

ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಸಣ್ಣ ಹಳ್ಳಿಯಿದೆ. 1980ರ ದಶಕದ ಕೊನೆಯಲ್ಲಿ ಅಲ್ಲಿನ ಹೆಂಗಸರು, ಮಕ್ಕಳು ಬೆಳಗಾಗುತ್ತಲೇ ಕೊಟ್ಟಿಗೆಯ ಸಗಣಿ ಹೊತ್ತು ಊರಿನ ಗೋಬರ್ ಗ್ಯಾಸ್ ಸ್ಥಾವರಕ್ಕೆ ಬರುತ್ತಿದ್ದರು. ಸಗಣಿಯನ್ನು ತೂಗಿ, ಮನೆಮನೆಯ ಲೆಕ್ಕ ಬರೆದುಕೊಳ್ಳುತ್ತಿದ್ದರು. ತಂದು ಹಾಕಿದ್ದಕ್ಕೆ ಕೆಜಿಗೆ 2 ಪೈಸೆ. ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ ಮರಳ ಹಾಸಿನ ಮೇಲೆ ಬಸಿದು, ಅವರವರ ಪಾಲಿನ ಗೊಬ್ಬರವಾಗಿ ಅವರವರ ಹೊಲಕ್ಕೆ ಹಿಂತಿರುಗುತ್ತಿತ್ತು. ಆ ಗ್ಯಾಸಿಗೆ ಒಂದಿಷ್ಟು ಡೀಸೆಲ್ ಬೆರೆಸಿ ಎಂಜಿನ್ ಓಡಿಸಿದರೆ ಕೊಳವೆಬಾವಿಯ ನೀರು ನಲ್ಲಿಗೆ ಬರುತ್ತಿತ್ತು, ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟು ಹತ್ತುತ್ತಿತ್ತು.

ಇದು ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಬಳಗದ ಕೆಲಸ. 1974ರಲ್ಲಿ ಆ ಬಳಗವನ್ನು ಕಟ್ಟಿದವರು ಪ್ರೊ. ಅಮೂಲ್ಯ ರೆಡ್ಡಿ. ಪುರದಲ್ಲಿ ಅವರು ಮೊದಲು ಹಾಕಿಕೊಂಡ ಯೋಜನೆಯೇ ಬೇರೆ: ಮನೆಮನೆಗೂ ಅಡುಗೆ ಗ್ಯಾಸ್. ಅದು ಹತ್ತಲಿಲ್ಲ. ಎಲ್ಲರ ಒಲೆಗೂ ಸಾಲುವಷ್ಟು ಸಗಣಿ ಊರಿನಲ್ಲಿರಲಿಲ್ಲ. ಸೌದೆ ಹೇಗೋ ಸಿಗುತ್ತಿತ್ತು. ಜನರಿಗೆ ಬೇಕಾಗಿದ್ದದ್ದು ಕುಡಿಯುವ ನೀರು. ವಿಜ್ಞಾನಿಗಳು ಆ ಮಾತು ಕೇಳಿಸಿಕೊಂಡು ಯೋಜನೆಯನ್ನೇ ತಿರುಗಿಸಿದರು. ನನಗೆ ಇಡೀ ಕಥೆಯಲ್ಲಿ ಎಂಜಿನ್ನಿಗಿಂತ ದೊಡ್ಡದಾಗಿ ಕಾಣುವುದು ಈ ಕೇಳಿಸಿಕೊಂಡದ್ದೇ.

ಪುರದ ಕಥೆ ಈಗೇಕೆ? ಕಲ್ಲಿದ್ದಲು, ಎಣ್ಣೆ ಒಂದು ದಿನ ಕರಗುತ್ತವೆ ಎಂಬುದು ಹಳೆಯ ಮಾತು. ನಮಗೆ ಅಷ್ಟು ದೂರ ನೋಡುವ ಅಗತ್ಯವೂ ಇಲ್ಲ. 2023ರಲ್ಲಿ ಕರ್ನಾಟಕದಲ್ಲಿ ಮಳೆ ಕೈಕೊಟ್ಟಿತು, ಜಲಾಶಯಗಳು ತುಂಬಲಿಲ್ಲ, ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟಿಗೆ ಕತ್ತರಿ ಬಿತ್ತು. ಮಳೆ ಇಲ್ಲದ ವರ್ಷ ಜಲವಿದ್ಯುತ್ತು ಇಳಿಯುತ್ತದೆ, ಅದೇ ವರ್ಷ ಬೋರ್‌ವೆಲ್ ಮೋಟರುಗಳು ಹೆಚ್ಚು ಹೊತ್ತು ಓಡಬೇಕಾಗುತ್ತದೆ. ಕೊರತೆಯೂ ಬೇಡಿಕೆಯೂ ಒಂದೇ ಬಾಗಿಲಿನಿಂದ ಒಳಬರುತ್ತವೆ.

ಆಗ ನಾವು ಮಾಡುವುದೇನು? ದುಡ್ಡಿದ್ದವರು ಯುಪಿಎಸ್ ಕೊಳ್ಳುತ್ತೇವೆ. ಕರೆಂಟು ಹೋದ ಕೂಡಲೇ ಕಿಟಕಿಯಿಂದ ಇಣುಕಿ, ಪಕ್ಕದ ಮನೆಯಲ್ಲೂ ಹೋಗಿದೆಯೇ ಎಂದು ನೋಡುತ್ತೇವೆ. ಹೋಗಿದ್ದರೆ ಏನೋ ಒಂದು ಸಮಾಧಾನ! ಕತ್ತಲಲ್ಲಿ ನಮ್ಮೂರು ಒಂದಾಗುವುದು ಅಷ್ಟರ ಮಟ್ಟಿಗೆ.

ಪುರದಲ್ಲಿ ಒಬ್ಬೊಬ್ಬರ ಸಗಣಿಯಿಂದ ಆ ಎಂಜಿನ್ ತಿರುಗುತ್ತಿರಲಿಲ್ಲ. ಎಲ್ಲರೂ ತಂದರೆ ಮಾತ್ರ ಎಲ್ಲರಿಗೂ ನೀರು. ತನ್ನ ಲಾಭ ನೋಡಿಕೊಳ್ಳುವವನೂ ಬುಟ್ಟಿ ಹೊರಲೇಬೇಕಾದ ಕಟ್ಟು ಅದು. ಅದನ್ನು ಬಂಗಾರದ ಕಾಲವೆಂದು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಬೆಳಗಿನ ಹೊರೆ ಬಿದ್ದದ್ದು ಎಂದಿನಂತೆ ಹೆಂಗಸರ ತಲೆಯ ಮೇಲೆಯೇ. ಹತ್ತಿರ ಹತ್ತಿರ ಹತ್ತು ವರ್ಷ ನಡೆದು ಅದು ನಿಂತೂ ಹೋಯಿತು. ಆದರೆ ಇರುವುದೆಷ್ಟು, ಯಾರಿಗೆಷ್ಟು ಎಂಬ ಲೆಕ್ಕ ಅಷ್ಟು ವರ್ಷ ಊರಿನ ಕೈಯಲ್ಲೇ ಇತ್ತು.

ಇವತ್ತು ಹಳ್ಳಿಯ ಮಾಡಿಗೂ ಸೋಲಾರ್ ಫಲಕ ಬಂದಿದೆ. ಒಳ್ಳೆಯದೇ. ಆದರೆ ನಿಮ್ಮ ಮಾಡಿನ ಬಿಸಿಲು ನಿಮ್ಮದು, ನಮ್ಮ ಮಾಡಿನದು ನಮ್ಮದು ಎಂದಾದಾಗ, ಮಾಡೇ ಗಟ್ಟಿ ಇಲ್ಲದ ಮನೆಯವರ ಮಾತು ಯಾರು ಎತ್ತಬೇಕು?

ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಮನೆ ಹಂಚಿಕೆಯ ಜಗಳ ನಡೆಯುತ್ತದೆ. ನಡೆಯಲಿ. ಅದರ ನಡುವೆ ಒಮ್ಮೆ ಇದನ್ನೂ ಕೇಳಬಹುದು: ದಿನಕ್ಕೆ ನಾಲ್ಕೇ ತಾಸು ಕರೆಂಟು ಎಂದಾದರೆ ಮೊದಲು ಓಡಬೇಕಾದದ್ದು ಓವರ್‌ಹೆಡ್ ಟ್ಯಾಂಕಿನ ಮೋಟರೋ, ಹಿಟ್ಟಿನ ಗಿರಣಿಯೋ, ಆಸ್ಪತ್ರೆಯಲ್ಲಿ ಲಸಿಕೆ ಇಟ್ಟ ಫ್ರಿಜ್ಜೋ, ತೋಟದ ಬೋರೋ? ಪಟ್ಟಣದ ಅಪಾರ್ಟ್‌ಮೆಂಟಿನವರೂ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಲಿಫ್ಟು ಮತ್ತು ಸಂಪಿನ ಪಂಪು ಎರಡರಲ್ಲಿ ಒಂದನ್ನೇ ಆರಿಸಿ ಎಂದರೆ ಎಂಟನೇ ಮಹಡಿಯ ಅಜ್ಜಿಯೂ ನೆಲಮಹಡಿಯ ಬಾಣಂತಿಯೂ ಒಂದೇ ಉತ್ತರ ಕೊಡುವುದಿಲ್ಲ. ಆ ವಾದ ಬೆಳಕಿರುವಾಗಲೇ, ಒಬ್ಬರ ಮುಖ ಒಬ್ಬರಿಗೆ ಕಾಣುವಾಗಲೇ ನಡೆಯಲಿ.