ಹಕ್ಕಿಯ ಕಾಲಿಗೆ ಉಂಗುರ ತೊಡಿಸುವ ಹಕ್ಕು

ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಕೆಲವು ದಿನಗಳ ಹಿಂದೆ ನಮ್ಮ ಮದ್ರಸದ ಅಂಗಳದಲ್ಲಿ ಹುಡುಗನೊಬ್ಬ ಅದನ್ನೇ ಮಾಡುತ್ತಿದ್ದ. ಗದರಿಸಿ ಬಿಡಿಸಿದೆ. ಅದೇ ವಾರ ತರಗತಿಯಲ್ಲಿ ನಾನು ಕೆನಡಾ ದೇಶದ ಒಂದು ಪಕ್ಷಿ ಕೇಂದ್ರದ ಬಗ್ಗೆ ಹೇಳಿದ್ದೆ. ಅಲ್ಲಿ ವಲಸೆ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟುಬಿಡುತ್ತಾರೆಂದು ವಿವರಿಸಿದ್ದೆ. ಹುಡುಗ ಅದನ್ನು ಮರೆತಿರಲಿಲ್ಲ. "ಉಸ್ತಾದ್, ಅವರು ಕಟ್ಟಿದರೆ ವಿದ್ಯೆ, ನಾನು ಕಟ್ಟಿದರೆ ತಪ್ಪೇ?" ಎಂದು ಕೇಳಿದ.

ಪ್ರಶ್ನೆ ಮಗುವಿನದ್ದಾದರೂ ವಿಷಯ ಚಿಕ್ಕದಲ್ಲ. ನೀವೂ ನನ್ನೊಂದಿಗೆ ಸ್ವಲ್ಪ ಯೋಚಿಸಿ ನೋಡಿ.

ಒಂಟಾರಿಯೊ ಪ್ರಾಂತದಲ್ಲಿ ಈರಿ ಸರೋವರದೊಳಕ್ಕೆ ಸುಮಾರು 40 ಕಿ.ಮೀ. ಚಾಚಿಕೊಂಡಿರುವ ಮರಳಿನ ನಾಲಿಗೆಯೊಂದಿದೆ. ಅದರ ಹೆಸರು ಲಾಂಗ್ ಪಾಯಿಂಟ್. ಅಲ್ಲಿನ ಪಕ್ಷಿ ಕೇಂದ್ರ 1960ರಲ್ಲಿ ಆರಂಭವಾಯಿತು. ಶರತ್ಕಾಲದಲ್ಲಿ ಉತ್ತರದ ಕಾಡುಗಳಿಂದ ದಕ್ಷಿಣಕ್ಕೆ ಹೊರಟ ಹಾಡುಹಕ್ಕಿಗಳು ಅಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತವೆ. ಅವುಗಳಿಗಾಗಿ ಕಾಯುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಸಂಬಳವಿಲ್ಲದೆ, ಮನೆ ಬಿಟ್ಟು ಬಂದು, ಸೂರ್ಯೋದಯಕ್ಕೆ ಮುಂಚೆಯೇ ಎದ್ದು ಪೊದೆಗಳ ನಡುವೆ ಕೂದಲೆಳೆಯಂಥ ನೈಲಾನ್ ಬಲೆಗಳನ್ನು ಬಿಚ್ಚುತ್ತಾರೆ. ನಂತರ ಬಲೆಯಿಂದ ಬಲೆಗೆ ಮತ್ತೆ ಮತ್ತೆ ಸುತ್ತು ಹಾಕುತ್ತಾರೆ. ಸಿಕ್ಕಿದ ಹಕ್ಕಿಯನ್ನು ಬಿಡಿಸಿ, ಬಟ್ಟೆಯ ಚೀಲದಲ್ಲಿಟ್ಟು ತರುತ್ತಾರೆ. ತೋರುಬೆರಳು ಮತ್ತು ನಡುಬೆರಳಿನ ನಡುವೆ ಅದರ ಕತ್ತು ನಿಲ್ಲುವಂತೆ ಹಿಡಿದು, ಕ್ರಮಸಂಖ್ಯೆಯುಳ್ಳ ಅಲ್ಯೂಮಿನಿಯಂ ಉಂಗುರ ತೊಡಿಸುತ್ತಾರೆ. ರೆಕ್ಕೆಯ ಅಳತೆ ತೆಗೆಯುತ್ತಾರೆ. ಎದೆಯ ಗರಿಗಳನ್ನು ಬಾಯಿಂದ ಮೆಲ್ಲನೆ ಊದಿ, ಚರ್ಮದಡಿ ಹಳದಿ ಕೊಬ್ಬು ಎಷ್ಟಿದೆಯೆಂದು ನೋಡುತ್ತಾರೆ. ದಾರಿಯ ಬುತ್ತಿ ಎಂದರೆ ಆ ಕೊಬ್ಬೇ. ತೂಗಿ ಬಿಟ್ಟುಬಿಡುತ್ತಾರೆ. ಪಳಗಿದ ಕೈಗೆ ಒಂದೆರಡು ನಿಮಿಷದ ಕೆಲಸ.

ಆದರೆ ಆ ನಿಮಿಷಗಳಲ್ಲಿ ಹಕ್ಕಿಗೆ ಭಯವಾಗುವುದಿಲ್ಲವೇ? ಖಂಡಿತ ಆಗುತ್ತದೆ. ಅದರ ಪಾಲಿಗೆ ಆ ಕೈ ಬೇಟೆಗಾರನ ಕೈಯೇ. ಅದರಿಂದ ಆ ಹಕ್ಕಿಗೆ ಲಾಭವೂ ಇಲ್ಲ. ಲಾಭವಿದ್ದರೆ ಎಂದೋ ಹುಟ್ಟುವ ಬೇರೆ ಹಕ್ಕಿಗಳಿಗೆ, ಇಲ್ಲವೇ ನಮಗೆ. ಒಪ್ಪಿಗೆ ಕೇಳಲಾಗದ ಜೀವಿಯ ಮೇಲೆ ಇನ್ನೊಬ್ಬರ ಒಳಿತಿನ ಭಾರ ಹೊರಿಸಬಹುದೇ?

ವಿದ್ಯೆಗಾಗಿ ಎಂಬ ಒಂದೇ ಮಾತಿನಿಂದ ಇದಕ್ಕೆ ಉತ್ತರ ದೊರೆಯುವುದಿಲ್ಲ. ವಿದ್ಯೆಯ ಹೆಸರಿನಲ್ಲಿ ನಡೆದ ಕ್ರೌರ್ಯಗಳು ಕಡಿಮೆಯೇನಲ್ಲ. ಹಾಗೆಂದು ಆ ವಿದ್ಯೆ ಪೊಳ್ಳೆಂದೂ ಹೇಳಲಾಗದು. ಬ್ಲ್ಯಾಕ್‌ಪೋಲ್ ವಾರ್ಬ್ಲರ್ ಎಂಬ ಹಾಡುಹಕ್ಕಿಯ ತೂಕ ಸುಮಾರು 12 ಗ್ರಾಂ. ಒಂದು ರೂಪಾಯಿಯ ಮೂರು ನಾಲ್ಕು ನಾಣ್ಯಗಳಷ್ಟು. ಹೀಗೆಯೇ ಹಿಡಿದು, ಅರ್ಧ ಗ್ರಾಂನ ಉಪಕರಣ ಕಟ್ಟಿ ಬಿಟ್ಟ ಹಕ್ಕಿಗಳಲ್ಲಿ ಐದು ಮರುವರ್ಷ ಮತ್ತೆ ಕೈಗೆ ಸಿಕ್ಕವು. ಅವು ಅಟ್ಲಾಂಟಿಕ್ ಸಾಗರದ ಮೇಲೆ ಎರಡು ಮೂರು ಹಗಲು ರಾತ್ರಿ ಎಲ್ಲಿಯೂ ಇಳಿಯದೆ, 2,270ರಿಂದ 2,770 ಕಿ.ಮೀ. ಹಾರಿದ್ದವೆಂದು 2015ರಲ್ಲಿ ಪ್ರಕಟವಾಯಿತು. ನಮ್ಮ ನಾಡಿಗೂ ಈ ಉಂಗುರದ ಸಂಬಂಧವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ಅದರ ಉಣ್ಣೆಗಳನ್ನು ವಲಸೆ ಹಕ್ಕಿಗಳು ಹೊತ್ತು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ಡಾ. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯಕ್ಕೆ ಕೈಹಾಕಲು ಆ ಶಂಕೆಯೂ ಒಂದು ಕಾರಣವಾಯಿತು.

ಪಕ್ಷಿಗಳು ನಿಮ್ಮಂತೆಯೇ ಸಮುದಾಯಗಳು ಎಂದು ಕುರ್‌ಆನ್ ಹೇಳುತ್ತದೆ. ಪ್ರವಾದಿವರ್ಯರು(ಸ) ಝಕಾತಿನ ಒಂಟೆಗಳಿಗೆ ಸ್ವತಃ ಗುರುತು ಹಾಕುತ್ತಿದ್ದುದನ್ನು ಹಝ್ರತ್ ಅನಸ್(ರ) ಕಂಡಿದ್ದಾರೆ. ಆದರೆ ಪ್ರಾಣಿಯ ಮುಖಕ್ಕೆ ಬರೆ ಹಾಕುವುದನ್ನು ಅವರು ಕಟುವಾಗಿ ನಿಷೇಧಿಸಿದರು. ಸಹಚರರು ಪುಟ್ಟ ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಬಂತು. ಅದನ್ನು ನೋಯಿಸಿದವರು ಯಾರೆಂದು ಕೇಳಿ, ಮರಿಗಳನ್ನು ಹಿಂದಿರುಗಿಸಲು ಹೇಳಿದರು. ಗುರುತು ಹಾಕುವುದೇ ಅಪರಾಧವಲ್ಲವೆಂದೂ, ಪ್ರಾಣಿಯ ಸಂಕಟವು ಲೆಕ್ಕಕ್ಕೆ ಬಾರದ ವಿಷಯವಲ್ಲವೆಂದೂ ನಾನು ಇದರಿಂದ ತಿಳಿದುಕೊಂಡಿದ್ದೇನೆ. ಎಲ್ಲಿ ನಿಲ್ಲಬೇಕೆಂಬುದು ಹಿಡಿದವನ ಕೈಗೆ ಗೊತ್ತಿರಬೇಕು.

ಆ ಕೈಗೆ ಬರುವ ಪರೀಕ್ಷೆ ಯಾವುದು ಗೊತ್ತೇ? ಸಂತೋಷ! ಅಂಗೈಯಲ್ಲಿ ಹಕ್ಕಿಯ ಎದೆ ಮಿಡಿಯುವಾಗ ಆಗುವ ಹಿಗ್ಗನ್ನು ಯಾರೂ ಅಲ್ಲಗಳೆಯಲಾರರು. ಅಪರೂಪದ ಹಕ್ಕಿ ಸಿಕ್ಕರಂತೂ ಇನ್ನೊಂದು ನಿಮಿಷ ಇಟ್ಟುಕೊಳ್ಳೋಣ, ಇನ್ನೊಂದು ಫೋಟೋ ತೆಗೆಯೋಣ ಎನಿಸುತ್ತದೆ. ನಿಯ್ಯತ್ ಜಾರುವುದು ಇಲ್ಲಿಯೇ. ಹಕ್ಕಿ ಏದುಸಿರು ಬಿಡತೊಡಗಿದರೆ ಅಳತೆ ಅರ್ಧಕ್ಕೇ ಉಳಿದರೂ ಬಿಟ್ಟುಬಿಡಬೇಕು, ಮಳೆ ಬಂದರೆ ಬಲೆ ಮುಚ್ಚಬೇಕು ಎಂಬುದು ಅವರ ಶಿಸ್ತು. ಬೆಳಗಿನ ಜಾವದಿಂದ ಕಾದು ಕುಳಿತವನಿಗೆ ಇದು ಸುಲಭವೆಂದು ಭಾವಿಸಬೇಡಿ. ಕೂಲಿಯಿಲ್ಲದೆ ದುಡಿಯುವವನು ತನ್ನ ತ್ಯಾಗಕ್ಕೆ ಹಕ್ಕಿಯಿಂದಲೇ ಬೆಲೆ ವಸೂಲು ಮಾಡಿಕೊಳ್ಳುವ ಅಪಾಯವಿದೆ. (ನಮ್ಮ ಸಮಾಜ ಸೇವಕರಿಗೂ ಈ ಮಾತು ಸಲ್ಲುತ್ತದೆ, ಇರಲಿ.) ಫಲವನ್ನಾದರೂ ಕಣ್ಣಾರೆ ಕಾಣುತ್ತಾರೆಯೇ? ಉಂಗುರ ತೊಟ್ಟ ಪುಟ್ಟ ಹಾಡುಹಕ್ಕಿಗಳಲ್ಲಿ ನೂರಕ್ಕೆ ಒಂದರ ಸುದ್ದಿಯೂ ಬೇರೆ ಊರಿನಿಂದ ಬರುವುದಿಲ್ಲ.

ಹುಡುಗನಿಗೆ ನಾನು ಹೇಳಿದ್ದು ಮಾರ್ಟೆನ್ಸನ್ ಅವರ ಕಥೆ. ಡೆನ್ಮಾರ್ಕಿನ ವಿಬೋರ್ಗ್ ಪಟ್ಟಣದಲ್ಲಿ ಅವರು ಶಾಲಾ ಮೇಷ್ಟ್ರು. 1890ರಲ್ಲಿ ಕಬ್ಬಕ್ಕಿಯ ಜಾತಿಯ ಎರಡು ಹಕ್ಕಿಗಳಿಗೆ ಸತುವಿನ ಉಂಗುರ ತೊಡಿಸಿದರು. ಅದು ಹಕ್ಕಿಗೆ ಭಾರವಾಗುತ್ತಿದೆಯೆಂದು ಕಂಡು ಆ ಕೆಲಸವನ್ನೇ ಕೈಬಿಟ್ಟರು. 1899ರಲ್ಲಿ ಹಗುರವಾದ ಅಲ್ಯೂಮಿನಿಯಂ ಉಂಗುರಗಳನ್ನು ಮಾಡಿಕೊಂಡ ನಂತರವೇ ಮುಂದುವರಿದರು. ಆ ವರ್ಷ ಉಂಗುರ ತೊಟ್ಟ ಹಕ್ಕಿಗಳು 165. ಇಂದಿನ ಪದ್ಧತಿ ಬೆಳೆದದ್ದು ಅಲ್ಲಿಂದ. "ಒಂಬತ್ತು ವರ್ಷ! ನೀನು ದಾರ ಕಟ್ಟುವಾಗ ಚಿಟ್ಟೆಗೆ ಭಾರವಾಗುತ್ತದೆಯೇ ಎಂದು ಒಂದು ಕ್ಷಣ ಯೋಚಿಸಿದ್ದೆಯಾ?" ಎಂದು ಕೇಳಿದೆ. ತಲೆ ತಗ್ಗಿಸಿದ.

ಅಲ್ಲಿಗೆ ನಿಲ್ಲಿಸಿದ್ದರೆ ನನ್ನ ಗೆಲುವಾಗುತ್ತಿತ್ತು. ಆದರೆ ಮಗುವಿಗೆ ಅರ್ಧ ಸತ್ಯ ಹೇಳುವುದು ಸರಿಯೆನಿಸಲಿಲ್ಲ. ಅಮೆರಿಕ ಮತ್ತು ಕೆನಡಾದ 22 ಸಂಘಗಳು ಹಿಡಿದ ಆರು ಲಕ್ಷಕ್ಕೂ ಹೆಚ್ಚು ಹಕ್ಕಿಗಳ ದಾಖಲೆಯನ್ನು ಪರಿಶೀಲಿಸಿದ ವರದಿ 2011ರಲ್ಲಿ ಪ್ರಕಟವಾಗಿದೆ. ಸಾವಿರಕ್ಕೆ ಸುಮಾರು ಆರು ಹಕ್ಕಿಗಳಿಗೆ ಗಾಯವಾಗಿತ್ತು, ಎರಡು ಸತ್ತಿದ್ದವು. ತಮ್ಮ ಕೈಯಲ್ಲಿ ಸತ್ತದ್ದನ್ನು ಅವರು ಮುಚ್ಚಿಡದೆ ಬರೆದಿಟ್ಟಿದ್ದಾರೆ ಎಂದು ಸೇರಿಸಿದೆ.

"ಆ ಎರಡು ಹಕ್ಕಿಗಳಿಗೆ ಜವಾಬು ಯಾರು ಕೊಡುತ್ತಾರೆ ಉಸ್ತಾದ್?"

"ಬಲೆ ಕಟ್ಟಿದವರೇ" ಎಂದೆ.

"ಅದು ಗೊತ್ತಿದ್ದೂ ಮರುದಿನ ಮತ್ತೆ ಬಲೆ ಕಟ್ಟುತ್ತಾರಾ?"

ಹೌದು, ಕಟ್ಟುತ್ತಾರೆ ಎಂದೆ. ಅಷ್ಟರಲ್ಲಿ ಅಸರ್ ಬಾಂಗ್ ಕೇಳಿಸಿತು. ಅವನು ವುಝೂ ಮಾಡಲು ಹೌಝ್ ಕಡೆಗೆ ನಡೆದ, ಬೆರಳಿಗೆ ಸುತ್ತಿದ್ದ ದಾರವನ್ನು ಬಿಚ್ಚುತ್ತಾ.