ಪೂಜಾರಿಯ ಬೀಗದ ಕೈ

'ದೇವರು ವರ ಕೊಟ್ಟರೂ ಪೂಜಾರಿ ಕೊಡ.' ಕೃಷ್ಣರಾಜಪೇಟೆ ಕಡೆ ಪಹಣಿ ತಿದ್ದುಪಡಿಗೆ ಅಲೆದವರು, ಸಾಲದ ಅರ್ಜಿ ಹಿಡಿದು ನಿಂತವರು ಈ ಗಾದೆಯನ್ನು ನಿಟ್ಟುಸಿರಿನ ಜೊತೆಗೇ ಬಿಡುತ್ತಾರೆ. ಪೂಜಾರಿ ಎಂದರೆ ಗುಮಾಸ್ತ ಎಂದು ಎಲ್ಲರಿಗೂ ಅರ್ಥವಾಗಿಬಿಟ್ಟಿದೆ. ನನಗೆ ಕಾಣುವುದು ಮಾತ್ರ ಬೀಗ. ಹಳ್ಳಿ ಗುಡಿಯ ಪೂಜಾರಿ ಬೆಳಿಗ್ಗೆ ಪೂಜೆ ಮುಗಿಸಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದೆಗೆ ಹೋಗಿರುತ್ತಾನೆ. ತಡವಾಗಿ ಬಂದವರು ಹಣ್ಣುಕಾಯಿ ಹಿಡಿದು ಸರಳಿನ ಈಚೆ ನಿಲ್ಲುತ್ತಾರೆ. ದೇವರು ಕಾಣುತ್ತಾನೆ, ಮಂಗಳಾರತಿ ಆಗುವುದಿಲ್ಲ.

ಹಾಗೆ ನಿಂತವರಲ್ಲಿ ಒಬ್ಬರು, ಪಕ್ಕದಲ್ಲೇ ಕನ್ನಂಬಾಡಿ ಕಟ್ಟೆ ಎಬ್ಬಿಸಿದ ವಿಶ್ವೇಶ್ವರಯ್ಯ. ಕಟ್ಟೆಗೂ ಮದರಾಸು ಸರ್ಕಾರ ತಗಾದೆ ತೆಗೆದಿತ್ತು. 1924ರಲ್ಲಿ ಒಪ್ಪಂದವಾಗಿ ಅದು ಬಗೆಹರಿಯಿತು. ಅವರು ಕಟ್ಟಬೇಕೆಂದಿದ್ದ ಮೋಟಾರು ಕಾರ್ಖಾನೆಯ ಕತೆ ಬೇರೆ. 1935ರಲ್ಲಿ, ಎಪ್ಪತ್ತೈದರ ಹೊಸ್ತಿಲಲ್ಲಿದ್ದ ಈ ಮುದುಕರು ಯೂರೋಪು, ಅಮೆರಿಕ ಸುತ್ತಿ ಕಾರು ತಯಾರಿಸುವ ಬಗೆ ನೋಡಿಕೊಂಡು ಬಂದರು. ಯೋಜನೆ ಬರೆದರು. ಬಂಡವಾಳಗಾರ ವಾಲ್‌ಚಂದ್ ಹೀರಾಚಂದ್ ಜೊತೆಯಾದರು. ಬೊಂಬಾಯಿಯ ಕಾಂಗ್ರೆಸ್ ಸರ್ಕಾರ ನೆರವಾಗುವುದಾಗಿ ಹೇಳಿ, 1939ರಲ್ಲಿ ತಾನೇ ರಾಜೀನಾಮೆ ಕೊಟ್ಟು ಎದ್ದುಹೋಯಿತು. ಆಮೇಲೆ ಮೈಸೂರು. ದಿವಾನ ಮಿರ್ಜಾ ಇಸ್ಮಾಯಿಲ್ ಒಪ್ಪಿದರು. ಕ್ರೈಸ್ಲರ್ ಕಂಪನಿಯ ಜೊತೆ ಮಾತೂ ಆಯಿತು.

ಅಂದರೆ ವರ ಸಿಕ್ಕಿತ್ತು. ಕೀಲಿ ಇದ್ದದ್ದು ದಿಲ್ಲಿಯಲ್ಲಿ. ಕಾರು ಆಗ ನಡೆದಿದ್ದ ಮಹಾಯುದ್ಧಕ್ಕೆ ಬೇಕಾದದ್ದಲ್ಲ ಎಂದು ಬ್ರಿಟಿಷರ ಇಂಡಿಯಾ ಸರ್ಕಾರ ಬಾಗಿಲು ತೆಗೆಯಲಿಲ್ಲ.

ಪೂಜಾರಿ ಕೆಟ್ಟವನು ಎಂದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದ್, ಅದೇ ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಅದಕ್ಕೆ ದಿಲ್ಲಿ ಒಪ್ಪಿತು; ಮಾರನೆಯ ವರ್ಷ ಇಂಡಿಯಾ ಸರ್ಕಾರ ತಾನೂ ಪಾಲುದಾರನಾಯಿತು. ವಿಮಾನ ಯುದ್ಧಕ್ಕೆ ಬೇಕಿತ್ತಲ್ಲ! ತನ್ನ ಮನೆಯ ಪೂಜೆಯಾದರೆ ಪೂಜಾರಿ ಗದ್ದೆಯಿಂದ ಓಡೋಡಿ ಬರುತ್ತಾನೆ. ಇನ್ನು, ಕೀಲಿ ಪರರ ಸೊಂಟದಲ್ಲಿದ್ದ ಆ ಸಂಸ್ಥಾನದ ದೇವರು ಎಷ್ಟರ ಮಟ್ಟಿಗೆ ದೇವರು ಎಂದು ಗಾದೆ ಕೇಳುವುದೇ ಇಲ್ಲ. ಅದು ಜಾಣತನವೋ ಭಯಭಕ್ತಿಯೋ ನನಗೆ ಗೊತ್ತಾಗಿಲ್ಲ.

ಕಾದು ಕಾದು ಸಾಕಾದವರು ಕೊನೆಗೆ ಹೊರಗಿನ ಮೆಟ್ಟಿಲ ಮೇಲೇ ಕಾಯಿ ಒಡೆದು, ಒಂದು ಹೋಳು ಅಲ್ಲೇ ಇಟ್ಟು ಹೋಗುತ್ತಾರೆ. ವಾಲ್‌ಚಂದ್ 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ತೆರೆದರು. 1947ರಲ್ಲಿ ಕುರ್ಲಾದ ಕಾರ್ಖಾನೆಯಿಂದ ಕ್ರೈಸ್ಲರ್ ಕಂಪನಿಯವೇ ಆದ ಡಾಡ್ಜ್, ಪ್ಲಿಮತ್ ಗಾಡಿಗಳು ಹೊರಬಂದವು.